ಯೂರೋಪಿಯನ್ ಏರ್‌ಲೈನ್‌ನಲ್ಲಿ ಬಿಸಿನೆಸ್ ಕ್ಲಾಸ್: ದುಡ್ಡು ಕಟ್ಟೋಕೆ ಮುಂಚೆ ಸೀಟ್ ಮ್ಯಾಪ್ ನೋಡಿ

ಪ್ರಶ್ನೆ: ನಾನು, ನನ್ನ ಹೆಂಡತಿ ಯೂರೋಪಿಂದ ನ್ಯೂಯಾರ್ಕ್‌ಗೆ ಹೋಗಿ ಬರೋದಿದೆ. ನನಗೆ 62 ವರ್ಷ, ಆರಡಿ ಎರಡಿಂಚು ಎತ್ತರ, ಸೊಂಟ ನೋವು ಬೇರೆ. ಮೊದಲನೇ ಸಲ ಬಿಸಿನೆಸ್ ಕ್ಲಾಸ್ ತಗೊಳ್ಳೋಣ ಅಂತ ಮನಸ್ಸು ಮಾಡಿದೀವಿ. ಲುಫ್ತಾನ್ಸಾ, ಸ್ವಿಸ್, ಏರ್ ಫ್ರಾನ್ಸ್, ಕೆಎಲ್‌ಎಂ, ಬ್ರಿಟಿಷ್ ಏರ್‌ವೇಸ್, ಇವುಗಳಲ್ಲಿ ಯಾವುದು ಒಳ್ಳೇದು? ಹೋಗ್ತಾ ಬರ್ತಾ ಎರಡೂ ಕಡೆ ಬಿಸಿನೆಸ್ ಬೇಕಾ, ಕೊಟ್ಟ ದುಡ್ಡಿಗೆ ಸಾರ್ಥಕ ಆಗುತ್ತಾ?

ಉತ್ತರ: ಸರ್, ಇದಕ್ಕೆ ಒಂದು ಏರ್‌ಲೈನ್ ಹೆಸರು ಹೇಳಿ ಮುಗಿಸಿಬಿಟ್ರೆ ನಿಮಗೆ ಉಪಯೋಗ ಆಗಲ್ಲ. ಯೂರೋಪಿನ ದೊಡ್ಡ ಏರ್‌ಲೈನ್‌ಗಳಲ್ಲಿ ಕಂಪನಿ ಒಂದೇ, ರೂಟ್ ಒಂದೇ, ರೇಟೂ ಹೆಚ್ಚುಕಮ್ಮಿ ಒಂದೇ ಇರುತ್ತೆ, ಆದ್ರೆ ಮಧ್ಯಾಹ್ನದ ಫ್ಲೈಟಲ್ಲಿ ಬಾಗಿಲು ಹಾಕಿಕೊಳ್ಳೋ ಹೊಸ ಸೀಟ್ ಇದ್ರೆ ಸಂಜೆ ಫ್ಲೈಟಲ್ಲಿ ಹತ್ತು ಹದಿನೈದು ವರ್ಷ ಹಿಂದಿನ ಡಿಸೈನ್ ಇರುತ್ತೆ. ಎರಡಕ್ಕೂ ಟಿಕೆಟ್ ಮೇಲೆ ಬರೆಯೋದು ಬಿಸಿನೆಸ್ ಕ್ಲಾಸ್ ಅಂತಾನೇ. ಹಾಗಾಗಿ ಮೊದಲು ಯಾವ ಮಾಡೆಲ್ ವಿಮಾನ, ಅದರಲ್ಲಿ ಯಾವ ಸೀಟ್ ಅಂತ ನೋಡಿ, ಏರ್‌ಲೈನ್ ಹೆಸರು ಆಮೇಲೆ. ನಿಮ್ಮ ಎತ್ತರಕ್ಕೆ, ನಿಮ್ಮ ಸೊಂಟಕ್ಕಂತೂ ಇದು ಬಹಳ ಮುಖ್ಯ.

ಹಿಂದೆ ಬಿಸಿನೆಸ್ ಕ್ಲಾಸ್ ಅಂದ್ರೆ ಚೆನ್ನಾಗಿ ಹಿಂದಕ್ಕೆ ಬಾಗೋ ಅಗಲವಾದ ಕುರ್ಚಿ ಅಷ್ಟೇ. ಬಿಸಿನೆಸ್ ಕ್ಲಾಸಲ್ಲಿ ಪೂರ್ತಿ ಸಮತಟ್ಟಾಗೋ ಹಾಸಿಗೆ ತಂದಿದ್ದು ಬ್ರಿಟಿಷ್ ಏರ್‌ವೇಸ್, 2000ದಲ್ಲಿ. ಆಗ ಅದು ನಿಜಕ್ಕೂ ದೊಡ್ಡ ವಿಷಯ. ಒಬ್ರು ಮುಂದಕ್ಕೆ ಮುಖ ಮಾಡಿ, ಪಕ್ಕದವರು ಹಿಂದಕ್ಕೆ ಮುಖ ಮಾಡಿ ಕೂರೋ ವ್ಯವಸ್ಥೆ, ಹಾಗೆ ಜೋಡಿಸಿದ್ರೆ ಕಡಿಮೆ ಜಾಗದಲ್ಲಿ ಜಾಸ್ತಿ ಹಾಸಿಗೆ ಹಿಡಿಯುತ್ತೆ. ತೊಂದರೆ ಏನಪ್ಪಾ ಅಂದ್ರೆ ಕಿಟಕಿ ಪಕ್ಕದವರು ರಾತ್ರಿ ಬಾತ್‌ರೂಮಿಗೆ ಏಳಬೇಕು ಅಂದ್ರೆ ಪಕ್ಕದಲ್ಲಿ ಮಲಗಿರೋ ಅಪರಿಚಿತರ ಕಾಲು ದಾಟಿ ಹೋಗಬೇಕು, ಕತ್ತಲಲ್ಲಿ, ವಿಮಾನ ಅಲುಗಾಡ್ತಾ ಇರುವಾಗ. ಸೊಂಟ ನೋವಿರೋರಿಗೆ ಇದು ಆಗದ ಮಾತು. 2019ರಲ್ಲಿ ಅವರು ಕ್ಲಬ್ ಸೂಟ್ ಅಂತ ಹೊಸ ಸೀಟ್ ತಂದ್ರು, ಬಾಗಿಲು ಇದೆ, ಪ್ರತಿಯೊಬ್ರಿಗೂ ನೇರ ದಾರಿ ಇದೆ, ಬಹಳ ಒಳ್ಳೇ ಸೀಟ್. ಆದ್ರೆ ಹಳೇ ಕ್ಯಾಬಿನ್ ಇರೋ ವಿಮಾನಗಳು ಪೂರ್ತಿ ಹೋಗೋವರೆಗೂ ಬುಕ್ ಮಾಡುವಾಗ ನೋಡಿಕೊಳ್ಳಲೇಬೇಕು.

ಲುಫ್ತಾನ್ಸಾದಲ್ಲೂ ಇದೇ ಕಥೆ. ಅವರ ಹಳೇ ಬಿಸಿನೆಸ್ ಸೀಟ್ 2-2-2, ಅಂದ್ರೆ ಕಿಟಕಿ ಪಕ್ಕ ಇಬ್ರು, ಮಧ್ಯ ಇಬ್ರು, ಆ ಕಡೆ ಇಬ್ರು. ಸೀಟುಗಳನ್ನ ಒಂದಕ್ಕೊಂದು ಸ್ವಲ್ಪ ಓರೆಯಾಗಿ ಇಟ್ಟಿರೋದ್ರಿಂದ ತಲೆ ಕಡೆ ದೂರ ಇದ್ರೂ ಕಾಲಿನ ಕಡೆ ಇಬ್ಬರ ಪಾದಗಳೂ ಹತ್ರ ಬಂದುಬಿಡುತ್ತೆ. ಗಂಡ ಹೆಂಡತಿ ಪಕ್ಕಪಕ್ಕ ಇದ್ರೆ ಏನೂ ಸಮಸ್ಯೆ ಇಲ್ಲ, ಒಬ್ಬರೇ ಹೋಗುವಾಗ ಯಾರಿಗೂ ಇಷ್ಟ ಆಗಲ್ಲ. 2024ರ ಮೇನಲ್ಲಿ ಮ್ಯೂನಿಕ್‌ನಿಂದ ಎ350 ವಿಮಾನಗಳಲ್ಲಿ ಅಲೆಗ್ರಿಸ್ ಅನ್ನೋ ಹೊಸ ಕ್ಯಾಬಿನ್ ಶುರು ಮಾಡಿದ್ರು. ಅದರ ವಿಶೇಷ ಅಂದ್ರೆ ಬಿಸಿನೆಸ್ ಕ್ಲಾಸ್ ಒಳಗೇ ಬೇರೆ ಬೇರೆ ತರದ ಸೀಟು, ಕೆಲವಕ್ಕೆ ಟಿಕೆಟ್ ಮೇಲೆ ಇನ್ನೂ ದುಡ್ಡು. ಅದರಲ್ಲಿ ಒಂದರ ಹಾಸಿಗೆ 2.20 ಮೀಟರ್ ಉದ್ದ. ಸಾಮಾನ್ಯವಾಗಿ ಬಿಸಿನೆಸ್ ಹಾಸಿಗೆ ಎರಡು ಮೀಟರ್ ಆಸುಪಾಸು ಇರುತ್ತೆ, ನಿಮ್ಮ ಎತ್ತರಕ್ಕೆ ಅದು ಕಾಗದದ ಮೇಲೆ ಸಾಕು, ಮಲಗಿದಾಗ ಸಾಕಾಗಲ್ಲ, ಯಾಕೆ ಅಂತ ಹೇಳ್ತೀನಿ.

ಉದ್ದಕ್ಕಿಂತ ನಿಮಗೆ ತೊಂದರೆ ಕೊಡೋದು ಪಾದ ಇಡೋ ಜಾಗ. ಈಗಿನ ಬಹುಪಾಲು ಸೀಟುಗಳಲ್ಲಿ ನಿಮ್ಮ ಕಾಲು ಹೋಗೋದು ಮುಂದಿನ ಸಾಲಿನವರ ಸೈಡ್ ಟೇಬಲ್ ಕೆಳಗಿರೋ ಒಂದು ಗೂಡಿನೊಳಗೆ. ಕೂತಿದ್ದಾಗ ಅದು ಗೊತ್ತೇ ಆಗಲ್ಲ. ಸೀಟ್ ಚಪ್ಪಟೆ ಮಾಡಿ ಮಲಗಿದಾಗ ಪಾದ ಎರಡೂ ಆ ಗೂಡಲ್ಲಿ ಒಂದರ ಪಕ್ಕ ಒಂದು ಸಿಕ್ಕಿಕೊಂಡಿರುತ್ತೆ, ಮಗ್ಗಲು ಬದಲಾಯಿಸೋಣ ಅಂದ್ರೆ ಮಂಡಿ ಮೇಲಿನ ಅಂಚಿಗೆ ತಾಗುತ್ತೆ, ಹೆಬ್ಬೆರಳು ಮೇಲ್ಗಡೆ ಒತ್ತುತ್ತೆ. ಬೆನ್ನ ಮೇಲೆ ಅಲ್ಲಾಡದೆ ಮಲಗೋರಿಗೆ ಪರವಾಗಿಲ್ಲ, ಸೊಂಟ ನೋವಿರೋರು ರಾತ್ರಿ ನಾಲ್ಕು ಸಲ ಮಗ್ಗಲು ಬದಲಾಯಿಸ್ತಾರೆ, ಅವರಿಗೆ ಇದು ನರಕ. ಇದಕ್ಕೆ ಪರಿಹಾರ ಸುಲಭ: ಕ್ಯಾಬಿನ್ನಿನ ಮೊದಲನೇ ಸಾಲು, ಅಂದ್ರೆ ಬಲ್ಕ್‌ಹೆಡ್. ಅಲ್ಲಿ ಮುಂದೆ ಬೇರೆ ಸೀಟ್ ಇಲ್ಲ, ಗೋಡೆ ಇರುತ್ತೆ, ಹಾಗಾಗಿ ಬಹಳ ವಿಮಾನಗಳಲ್ಲಿ ಆ ಗೂಡು ಅಗಲವಾಗಿ ತೆರೆದಿರುತ್ತೆ. ಸೀಟ್ ಆರಿಸೋದಕ್ಕೆ ದುಡ್ಡು ಕೇಳಿದ್ರೂ ನಿಮ್ಮ ವಿಷಯದಲ್ಲಿ ಕೊಡಿ ಅಂತಲೇ ಹೇಳ್ತೀನಿ. ಒಂದೇ ಎಚ್ಚರ, ತೊಟ್ಟಿಲು ನೇತುಹಾಕೋ ಜಾಗ ಕೂಡ ಸಾಮಾನ್ಯವಾಗಿ ಅದೇ ಸಾಲಲ್ಲಿ ಇರುತ್ತೆ, ಪಕ್ಕದಲ್ಲಿ ಮಗು ಬರಬಹುದು, ಮತ್ತೆ ಅಡುಗೆ ಜಾಗ ಹತ್ರ ಇದ್ರೆ ಪಾತ್ರೆ ಸದ್ದು, ಲೈಟು. ಇಯರ್‌ಪ್ಲಗ್ ಇಟ್ಕೊಳ್ಳಿ, ಆ ತೊಂದರೆ ತಡ್ಕೋಬಹುದು, ಕಾಲು ಸಿಕ್ಕಿಕೊಳ್ಳೋದನ್ನ ತಡ್ಕೊಳ್ಳೋಕಾಗಲ್ಲ.

ಸ್ವಿಸ್‌ನಲ್ಲಿ ಎ330, 777 ವಿಮಾನಗಳಲ್ಲಿ ಸಾಲು ಬಿಟ್ಟು ಸಾಲು ಸೀಟಿನ ಜೋಡಣೆ ಬದಲಾಗುತ್ತೆ. ಕೆಲವು ಸಾಲಲ್ಲಿ ಕಿಟಕಿ ಪಕ್ಕ ಒಂಟಿ ಸೀಟ್, ಎರಡೂ ಕಡೆ ಅಗಲವಾದ ಟೇಬಲ್, ಅದಕ್ಕೆ ಥ್ರೋನ್ ಸೀಟ್ ಅಂತಾರೆ, ಅದಕ್ಕೆ ಬೇರೆ ಚಾರ್ಜು. ಒಬ್ಬರೇ ಹೋಗೋರಿಗೆ ಅದು ತುಂಬಾ ಚೆನ್ನಾಗಿರುತ್ತೆ, ನೀವಿಬ್ರು ಹೋಗುವಾಗ ಅದನ್ನ ತಗೊಂಡ್ರೆ ಒಬ್ರಿಗೊಬ್ರು ಮಾತಾಡೋಕೂ ಆಗಲ್ಲ. ಏರ್ ಫ್ರಾನ್ಸ್‌ನ 777-300ಇಆರ್ ವಿಮಾನಗಳಲ್ಲಿ ಈಗ ಬಾಗಿಲಿರೋ ಹೊಸ ಸೀಟ್ ಬಂದಿದೆ, ಹೊಸದಿಲ್ಲದ ವಿಮಾನಗಳಲ್ಲೂ 1-2-1 ಜೋಡಣೆ ಸುಮಾರು ಕಡೆ ಇದೆ, ಅದರಲ್ಲಿ ಮಧ್ಯದ ಎರಡು ಸೀಟು ಸ್ವಲ್ಪ ಒಳಮುಖವಾಗಿ ಇರುತ್ತೆ, ದಂಪತಿಗಳಿಗೆ ನನ್ನ ಮೊದಲ ಸಲಹೆ ಅದೇ. ಕೆಎಲ್‌ಎಂ 2023ರಿಂದ 777ಗಳಿಗೆ ಬಾಗಿಲಿರೋ ಸೀಟ್ ಹಾಕ್ತು, 787ರಲ್ಲೂ 1-2-1 ಇದೆ, ಆದ್ರೆ ಅವರ ಎ330 ಹತ್ತಿದ್ರೆ ಮತ್ತೆ 2-2-2. ಫಿನ್‌ಏರ್ ಸೀಟಂತೂ ಎಲ್ಲಾದಕ್ಕಿಂತ ಬೇರೆ, 2022ರಲ್ಲಿ ಬಂದಿದ್ದು, ಬೆನ್ನು ಹಿಂದಕ್ಕೆ ಬಾಗೋದೇ ಇಲ್ಲ. ದೊಡ್ಡ ಚಿಪ್ಪಿನಂಥ ಜಾಗ, ಕೆಳಗಿನ ಪ್ಯಾನೆಲ್ ಮೇಲಕ್ಕೆತ್ತಿದ್ರೆ ಅದೇ ಹಾಸಿಗೆ ಆಗುತ್ತೆ. ಕಾಲು ಮಡಚಿ ಮಲಗೋಕೆ ಜಾಗ ಜಾಸ್ತಿ, ಆದ್ರೆ ಅರ್ಧ ಒರಗಿ ಕೂತ್ರೆನೇ ಸೊಂಟಕ್ಕೆ ಹಿತ ಅನ್ನೋರಿಗೆ ನಾನು ಅದನ್ನ ಹೇಳಲ್ಲ, ದಿಂಬು ಒಟ್ಟಿಕೊಂಡು ಒರಗಬೇಕಾಗುತ್ತೆ.

ಇದನ್ನೆಲ್ಲ ಬುಕಿಂಗ್ ಪೇಜಲ್ಲೇ ಕಂಡುಹಿಡಿಯೋದು ಹೇಗೆ ಅಂತೀರಾ? ಸೀಟ್ ಮ್ಯಾಪ್ ತೆಗೆದು ಒಂದು ಸಾಲಲ್ಲಿ ಎಷ್ಟು ಸೀಟಿದೆ ಎಣಿಸಿ. ಓಡಾಡೋಕೆ ಎರಡು ದಾರಿ ಇರೋ ಅಗಲ ವಿಮಾನದಲ್ಲಿ ನಾಲ್ಕು ಇದ್ರೆ ಎಲ್ಲರಿಗೂ ನೇರ ದಾರಿ ಇರುತ್ತೆ, ಆರು ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಹಳೇ ಕ್ಯಾಬಿನ್. ಇನ್ನೊಂದು ಗುರುತು, ಎ ಅನ್ನೋ ಕಿಟಕಿ ಸೀಟಿಗೆ ಅಂಟಿಕೊಂಡೇ ಸಿ ಅಂತ ಇದ್ರೆ ನಿಮ್ಮ ಪಕ್ಕ ಒಬ್ರು ಇರ್ತಾರೆ ಅಂತ ಅರ್ಥ. ಹಾಗೇನೇ ಫ್ಲೈಟ್ ನಂಬರ್ ಕೆಳಗೆ ಸಣ್ಣ ಅಕ್ಷರದಲ್ಲಿ ವಿಮಾನ ಯಾರು ಹಾರಿಸ್ತಾರೆ ಅಂತ ಬರೆದಿರುತ್ತೆ, ಅದನ್ನ ತಪ್ಪದೆ ಓದಿ. ಅಟ್ಲಾಂಟಿಕ್ ಮೇಲೆ ಲುಫ್ತಾನ್ಸಾ ಗುಂಪು ಯುನೈಟೆಡ್ ಮತ್ತು ಏರ್ ಕೆನಡಾ ಜೊತೆ, ಏರ್ ಫ್ರಾನ್ಸ್ ಕೆಎಲ್‌ಎಂ ಡೆಲ್ಟಾ ಜೊತೆ, ಬ್ರಿಟಿಷ್ ಏರ್‌ವೇಸ್ ಅಮೆರಿಕನ್ ಜೊತೆ ಸೇರಿ ವ್ಯಾಪಾರ ಮಾಡ್ತಾರೆ, ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು ಆಗೋದು ದಿನಾ ನಡೆಯೋ ವಿಷಯ.

ಈಗ ಎರಡೂ ಕಡೆ ಬಿಸಿನೆಸ್ ಬೇಕಾ ಅನ್ನೋದು. ದುಡ್ಡಿನ ಯೋಚನೆ ಇದ್ರೆ ಬರೋವಾಗ ಮಾತ್ರ ತಗೊಳ್ಳಿ. ಯೂರೋಪಿಂದ ನ್ಯೂಯಾರ್ಕ್‌ಗೆ ಹೋಗೋದು ಬಹುಪಾಲು ಹಗಲು ಫ್ಲೈಟ್, ಎಂಟು ಒಂಬತ್ತು ಗಂಟೆ, ಊಟ ಮಾಡಿ ಒಂದೆರಡು ಸಿನಿಮಾ ನೋಡೋ ಹೊತ್ತಿಗೆ ಇಳಿಯೋ ಟೈಮ್ ಬರುತ್ತೆ, ಅದಕ್ಕೆ ಪ್ರೀಮಿಯಂ ಎಕಾನಮಿ, ಅಂದ್ರೆ ಎಕಾನಮಿಗೂ ಬಿಸಿನೆಸ್‌ಗೂ ಮಧ್ಯದ ಕ್ಲಾಸ್, ಸಾಕು, ಎದ್ದು ಓಡಾಡೋಕೆ ಅನುಕೂಲ ಆಗೋ ಹಾಗೆ ಐಲ್ ಸೀಟ್ ತಗೊಳ್ಳಿ. ಬರೋದು ರಾತ್ರಿ, ಹಾಸಿಗೆ ಬೇಕಿರೋದು ಅವತ್ತು. ಹೋಗೋದು ಪ್ರೀಮಿಯಂ ಎಕಾನಮಿ, ಬರೋದು ಬಿಸಿನೆಸ್ ಅಂತ ಒಂದೇ ರಿಟರ್ನ್ ಟಿಕೆಟ್ಟಲ್ಲಿ ಸೇರಿಸಿ ತಗೋಬಹುದು, ಬೇರೆ ಬೇರೆ ಒನ್ ವೇ ತಗೊಂಡ್ರೆ ಎಷ್ಟೋ ಸಲ ರಿಟರ್ನ್‌ಗಿಂತ ಜಾಸ್ತಿ ಬೀಳುತ್ತೆ, ಎರಡೂ ಹಾಕಿ ನೋಡಿ.

ಆದ್ರೆ ಆ ರಾತ್ರಿ ಫ್ಲೈಟಲ್ಲಿ ಒಂದು ಲೆಕ್ಕಾಚಾರ ಇದೆ, ತುಂಬಾ ಜನ ಅದನ್ನ ಯೋಚನೇನೇ ಮಾಡಲ್ಲ. ನ್ಯೂಯಾರ್ಕಿಂದ ಲಂಡನ್‌ಗೆ ಗಾಳಿ ಹಿಂದಿನಿಂದ ತಳ್ಳೋದ್ರಿಂದ ಆರೂವರೆ ಗಂಟೆ ಆಸುಪಾಸು ಅಷ್ಟೇ. ಮೇಲೆ ಹೋಗಿ ಊಟ ಕೊಟ್ಟು ತಟ್ಟೆ ಎತ್ತೋ ಹೊತ್ತಿಗೆ ಒಂದೂವರೆ ಎರಡು ಗಂಟೆ ಆಗಿರುತ್ತೆ, ಇಳಿಯೋಕೆ ಗಂಟೆ ಮೇಲೆ ಇರುವಾಗಲೇ ಲೈಟ್ ಹಾಕಿ ತಿಂಡಿ ಕೊಡ್ತಾರೆ, ಮಧ್ಯ ಉಳಿಯೋದು ಮೂರು ಮೂರೂವರೆ ಗಂಟೆ. ಅಷ್ಟು ದುಡ್ಡು ಕೊಟ್ಟು ಮೂರು ಗಂಟೆ ನಿದ್ದೆ! ಅದಕ್ಕೆ ರಾತ್ರಿ ಫ್ಲೈಟಲ್ಲಿ ದೂರ ಹೋಗೋದೇ ಲಾಭ. ಜ್ಯೂರಿಕ್, ಮ್ಯೂನಿಕ್, ವಿಯೆನ್ನಾ, ಹೆಲ್ಸಿಂಕಿ ಕಡೆ ಹೋಗೋ ಫ್ಲೈಟ್ ಆರಿಸಿದ್ರೆ ಏಳೂವರೆ ಎಂಟು ಗಂಟೆ ಸಿಗುತ್ತೆ, ಪೂರ್ತಿ ಒಂದು ಗಂಟೆ ನಿದ್ದೆ ಜಾಸ್ತಿ. ಮತ್ತೆ ಊಟ ಏರ್‌ಪೋರ್ಟ್ ಲೌಂಜಲ್ಲೇ ಮುಗಿಸಿ, ಹತ್ತಿದ ತಕ್ಷಣ ನನಗೆ ಊಟ ಬೇಡ, ತಿಂಡಿಗೂ ಎಬ್ಬಿಸಬೇಡಿ ಅಂತ ಕ್ರೂಗೆ ಹೇಳಿ. ಮುಜುಗರ ಪಡಬೇಕಿಲ್ಲ, ದಿನಾ ಎಷ್ಟೋ ಜನ ಹೇಳ್ತಾರೆ. ಸೀಟಿನ ಕುಷನ್ ಕೂರೋಕೆ ಅಂತ ಮಾಡಿರೋದು, ಮಲಗಿದಾಗ ಜೋಡಣೆ ಇರೋ ಕಡೆ ಸರಿಯಾಗಿ ಸೊಂಟಕ್ಕೆ ಒತ್ತುತ್ತೆ. ಹಾಸಿಕೊಳ್ಳೋಕೆ ಮ್ಯಾಟ್ರೆಸ್ ಪ್ಯಾಡ್ ಇದೆಯಾ ಕೇಳಿ, ಇಲ್ಲ ಅಂದ್ರೆ ಇನ್ನೊಂದು ಬ್ಲಾಂಕೆಟ್ ಇಸ್ಕೊಂಡು ಮಡಚಿ ಆ ಜಾಗದಲ್ಲಿ ಹಾಕಿ.

ಸಾಧ್ಯ ಆದ್ರೆ ಎ350 ಅಥವಾ 787 ಆರಿಸಿ. ಎರಡರ ಮೈಯೂ ಕಾರ್ಬನ್ ಫೈಬರ್‌ದು, ಅದಕ್ಕೆ ಒಳಗಿನ ಗಾಳಿ ಒತ್ತಡ ಸುಮಾರು 6000 ಅಡಿ ಎತ್ತರದ್ದು ಇರೋ ಹಾಗೆ ಇಡೋಕಾಗುತ್ತೆ, ಹಳೇ ಲೋಹದ ವಿಮಾನಗಳಲ್ಲಿ ಅದು 8000 ಅಡಿವರೆಗೂ ಹೋಗುತ್ತೆ. ತೇವಾಂಶನೂ ಸ್ವಲ್ಪ ಜಾಸ್ತಿ. ಬೆಳಗ್ಗೆ ಇಳಿದಾಗ ತಲೆ ಭಾರ, ಗಂಟಲು ಒಣಗೋದು ಕಡಿಮೆ, 60 ದಾಟಿದೋರಿಗೆ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಒಣ ಗಾಳಿ, ಕಡಿಮೆ ಒತ್ತಡದಲ್ಲಿ ಉಪ್ಪು ಸಿಹಿ ಎರಡೂ ನಾಲಿಗೆಗೆ ಸಪ್ಪೆ ಅನಿಸುತ್ತೆ, ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾಗೋಸ್ಕರ ನೆಲದ ಮೇಲೇ ವಿಮಾನದ ಒತ್ತಡ ಸೃಷ್ಟಿ ಮಾಡಿ ಇದನ್ನ ಪರೀಕ್ಷೆ ಮಾಡಿದಾರೆ, ಟೊಮೇಟೋ ಜ್ಯೂಸ್ ಮಾತ್ರ ಮೇಲೆ ರುಚಿ ಜಾಸ್ತಿ ಅನಿಸುತ್ತಂತೆ. ಹಾಗಾಗಿ ಮೆನು ಕಾರ್ಡ್ ನೋಡಿ ಏರ್‌ಲೈನ್ ಆರಿಸಬೇಡಿ. ಪೂರ್ತಿ ವೆಜ್ ಬೇಕಿದ್ರೆ ಹೊರಡೋಕೆ 24 ಗಂಟೆಗಿಂತ ಮುಂಚೇನೇ ಬುಕಿಂಗಲ್ಲಿ ಹಾಕಿಸಿ, ವಿಮಾನ ಹತ್ತಿ ಕೇಳಿದ್ರೆ ಸಿಗೋದು ಗ್ಯಾರಂಟಿ ಇಲ್ಲ.

ರೇಟು. ಯೂರೋಪ್–ಅಮೆರಿಕ ನಡುವೆ ಬಿಸಿನೆಸ್ ರಿಟರ್ನ್ ಸೇಲ್ ಟೈಮಲ್ಲಿ 1500ರಿಂದ 2000 ಯೂರೋ ಆಸುಪಾಸಿಗೆ ಬರೋದುಂಟು, ಅದೇ ಸೀಟ್ ಕೊನೇ ವಾರದಲ್ಲಿ ಅದರ ಎರಡು ಮೂರು ಪಟ್ಟು. ಒಂದು ಏರ್‌ಲೈನಿನ ಸ್ವಂತ ಊರಿಂದ ನೇರವಾಗಿ ಹೋಗೋ ಟಿಕೆಟ್ಟೇ ದುಬಾರಿ, ನೇರ ಫ್ಲೈಟ್ ಬೇಕು ಅನ್ನೋರು ಎಷ್ಟಾದ್ರೂ ಕೊಡ್ತಾರೆ ಅಂತ ಅವರಿಗೆ ಗೊತ್ತು. ಫ್ರಾಂಕ್‌ಫರ್ಟಿಂದ ಲುಫ್ತಾನ್ಸಾ ನೇರ ಹೋಗೋದಕ್ಕಿಂತ ಫ್ರಾಂಕ್‌ಫರ್ಟಿಂದ ಆಮ್‌ಸ್ಟರ್‌ಡ್ಯಾಮ್ ಮೇಲೆ ಕೆಎಲ್‌ಎಂ ಅಗ್ಗ ಇರುತ್ತೆ, ಆಮ್‌ಸ್ಟರ್‌ಡ್ಯಾಮಿಂದ ಹೊರಡೋರಿಗೆ ಇದೇ ಲೆಕ್ಕ ಉಲ್ಟಾ. ಲಂಡನ್‌ನಿಂದ ಪ್ರಯಾಣ ಶುರು ಮಾಡಿದ್ರೆ ಬ್ರಿಟನ್ನಿನ ಏರ್ ಪ್ಯಾಸೆಂಜರ್ ಡ್ಯೂಟಿ ಅನ್ನೋ ತೆರಿಗೆ ಒಂದೇ ಬಿಸಿನೆಸ್ ಸೀಟಿಗೆ 200 ಪೌಂಡಿಗಿಂತ ಜಾಸ್ತಿ ಆಗುತ್ತೆ, ಡಬ್ಲಿನ್‌ನಿಂದ ಶುರು ಮಾಡಿ ಲಂಡನ್ನಲ್ಲಿ 24 ಗಂಟೆ ಒಳಗೆ ವಿಮಾನ ಬದಲಾಯಿಸಿದ್ರೆ ಅದು ಬೀಳಲ್ಲ. ಆದ್ರೆ ಹೀಗೆ ಬೇರೆ ಊರಿಂದ ಟಿಕೆಟ್ ತಗೊಂಡ್ರೆ ಮೊದಲನೇ ಫ್ಲೈಟ್ ಬಿಡಬೇಡಿ, ಬಿಟ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಕ್ಯಾನ್ಸಲ್ ಆಗುತ್ತೆ. ಡಬ್ಲಿನ್‌ಗೆ ಇನ್ನೊಂದು ಅನುಕೂಲ, ಲಂಡನ್‌ಗೆ ಹೋಗದೆ ಅಲ್ಲಿಂದ ನೇರ ಅಮೆರಿಕಕ್ಕೆ ಹಾರಿದ್ರೆ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಸಿಬಿಡ್ತಾರೆ, ನ್ಯೂಯಾರ್ಕಲ್ಲಿ ಕ್ಯೂ ನಿಲ್ಲದೆ ಸೀದಾ ಹೊರಗೆ ಬರಬಹುದು, ಜಾಸ್ತಿ ಹೊತ್ತು ನಿಲ್ಲೋಕಾಗದ ನಿಮಗೆ ಇದು ಸಣ್ಣ ವಿಷಯ ಅಲ್ಲ. ಇಡೀ ವಿಮಾನದಲ್ಲಿ ಬಿಸಿನೆಸ್ ಸೀಟು ಮಾತ್ರ ಇರೋ ಲಾ ಕಂಪನಿ ಅನ್ನೋ ಫ್ರೆಂಚ್ ಏರ್‌ಲೈನ್ ಪ್ಯಾರಿಸ್ಸಿನ ಓರ್ಲಿ ಏರ್‌ಪೋರ್ಟಿಂದ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ಗೆ ಹೋಗುತ್ತೆ, 76 ಸೀಟು, 2-2 ಜೋಡಣೆ, ದಂಪತಿಗಳಿಗೆ ಚೆನ್ನಾಗಿದೆ, ರೇಟೂ ಎಷ್ಟೋ ಸಲ ದೊಡ್ಡೋರಿಗಿಂತ ಕಡಿಮೆ.

ಎರಡು ಕಡೆ ಜನ ನಿರಾಸೆ ಪಡ್ತಾರೆ. ಒಂದು, ಯೂರೋಪ್ ಒಳಗಿನ ಸಣ್ಣ ಫ್ಲೈಟಲ್ಲಿ ಬಿಸಿನೆಸ್ ಅಂದ್ರೆ ಎಕಾನಮಿದೇ ಮೂರು ಸೀಟಿನ ಸಾಲು, ಮಧ್ಯದ ಸೀಟ್ ಖಾಲಿ ಬಿಟ್ಟಿರ್ತಾರೆ ಅಷ್ಟೇ. ಕನೆಕ್ಷನ್ ಇದ್ರೆ ಅದರ ಮೇಲೆ ಆಸೆ ಇಟ್ಕೋಬೇಡಿ. ಇನ್ನೊಂದು, ಬಿಸಿನೆಸ್ ಲೈಟ್ ತರದ ಟಿಕೆಟ್. ಫಿನ್‌ಏರ್ ಇದನ್ನ ಶುರು ಮಾಡಿದಾಗ ಲೌಂಜ್ ಇಲ್ಲ, ಚೆಕ್ ಇನ್ ಬ್ಯಾಗ್ ಇಲ್ಲ, ಸೀಟ್ ಮಾತ್ರ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಮಾಮೂಲಿ ಬಿಸಿನೆಸ್ ಟಿಕೆಟಿಗೂ ಮುಂಚೇನೇ ಸೀಟ್ ಆರಿಸಿದ್ರೆ ದುಡ್ಡು, 24 ಗಂಟೆ ಇರುವಾಗ ಚೆಕ್ ಇನ್ ತೆರೆದ ಮೇಲೆ ಫ್ರೀ. ಅಗ್ಗದ ರೇಟ್ ಕಂಡ ಕೂಡಲೇ ಒತ್ತಬೇಡಿ, ಬ್ಯಾಗು, ಲೌಂಜು, ಸೀಟು, ಕ್ಯಾನ್ಸಲೇಷನ್, ನಾಲ್ಕನ್ನೂ ಓದಿ.

ಲೌಂಜ್ ಹೆಸರು ಬಂತಲ್ಲ, ಫ್ರಾಂಕ್‌ಫರ್ಟ್, ಜ್ಯೂರಿಕ್, ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್ ಎಲ್ಲಾ ಕಡೆ ಷೆಂಗೆನ್ (ಒಳಗೊಳಗೆ ಪಾಸ್‌ಪೋರ್ಟ್ ಚೆಕ್ ಇಲ್ಲದ ಯೂರೋಪಿನ ದೇಶಗಳ ಗುಂಪು) ಒಳಗಿನ ಭಾಗ ಬೇರೆ, ಹೊರದೇಶಕ್ಕೆ ಹೋಗೋ ಭಾಗ ಬೇರೆ, ಮಧ್ಯ ಪಾಸ್‌ಪೋರ್ಟ್ ಚೆಕ್ ಇರುತ್ತೆ. ಮೊದಲು ಅದನ್ನ ದಾಟಿ, ನಿಮ್ಮ ಗೇಟ್ ಇರೋ ಕಡೆ ಲೌಂಜಿಗೆ ಹೋಗಿ ಕೂತ್ಕೊಳ್ಳಿ. 2025ರ ಅಕ್ಟೋಬರ್ 12ರಿಂದ ಯೂರೋಪಿಯನ್ ಪಾಸ್‌ಪೋರ್ಟ್ ಇಲ್ಲದೆ ಸ್ವಲ್ಪ ದಿನಕ್ಕೆ ಅಂತ ಬಂದೋರಿಗೆ ಬೆರಳಚ್ಚು, ಫೋಟೋ ತಗೊಳ್ಳೋ ಹೊಸ ವ್ಯವಸ್ಥೆ ಶುರುವಾಗಿದೆ, ಕ್ಯೂ ಉದ್ದ ಆಗಬಹುದು, ಈ ಕಡೆ ಲೌಂಜಲ್ಲಿ ಕಾಫಿ ಕುಡೀತಾ ಕೂತು ಕೊನೇಲಿ ಓಡೋ ಹಾಗಾಗಬಾರದು. ಬರೋವಾಗ ಬೆಳಗ್ಗೆ ಇಳಿದೋರಿಗೆ ಸ್ನಾನಕ್ಕೆ, ತಿಂಡಿಗೆ ಅಂತ ಲಂಡನ್ನಿನ ಹೀಥ್ರೂ, ಫ್ರಾಂಕ್‌ಫರ್ಟ್, ಜ್ಯೂರಿಕ್‌ನಲ್ಲಿ ಅರೈವಲ್ ಲೌಂಜ್ ಇದೆ, ನಿಮ್ಮ ಟಿಕೆಟಿಗೆ ಅದು ಸೇರುತ್ತಾ ಕೇಳ್ಕೊಳ್ಳಿ.

ಕೊನೇದಾಗಿ ನಿಮ್ಮ ಹಕ್ಕು, ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ, ಏರ್‌ಲೈನಿನವರು ತಾವಾಗೇ ಬಾಯಿಬಿಟ್ಟು ಹೇಳೋದು ಅಪರೂಪ. ಯೂರೋಪಿನ 261ನೇ ನಿಯಮ, 2004ರಲ್ಲಿ ಮಾಡಿದ್ದು, 2005ರ ಫೆಬ್ರವರಿಯಿಂದ ಜಾರಿ. ನೀವು ಬಿಸಿನೆಸ್‌ಗೆ ದುಡ್ಡು ಕೊಟ್ಟಿದ್ದು ಏರ್‌ಲೈನ್ ಕೆಳಗಿನ ಕ್ಲಾಸಲ್ಲಿ ಕೂರಿಸಿದ್ರೆ, 3500 ಕಿಲೋಮೀಟರ್ ದಾಟಿದ ಇಂಥ ಪ್ರಯಾಣಕ್ಕೆ ಆ ಫ್ಲೈಟಿನ ಟಿಕೆಟ್ ಬೆಲೆಯಲ್ಲಿ 75 ಪರ್ಸೆಂಟ್ ಏಳು ದಿನದಲ್ಲಿ ವಾಪಸ್ ಕೊಡಬೇಕು. ರಿಟರ್ನ್ ಟಿಕೆಟ್ ಆದ್ರೆ ಇಡೀ ಟಿಕೆಟಿನ ಲೆಕ್ಕ ಅಲ್ಲ, ಆ ಒಂದು ಫ್ಲೈಟಿನ ಪಾಲು, ತೆರಿಗೆ ಬಿಟ್ಟು, ಅಂತ ಯೂರೋಪಿಯನ್ ಕೋರ್ಟ್ 2016ರಲ್ಲಿ ಹೇಳಿದೆ. ಕೌಂಟರಲ್ಲಿ ವೋಚರ್ ಕೊಟ್ಟು ಸಮಾಧಾನ ಮಾಡೋಕೆ ಬಂದ್ರೆ ಸಹಿ ಹಾಕಬೇಡಿ, ಬೋರ್ಡಿಂಗ್ ಪಾಸ್ ಎರಡೂ ಇಟ್ಕೊಂಡು ಬರಹದಲ್ಲಿ ಕೇಳಿ. ವಿಮಾನ ಬದಲಾಗಿ ಹೊಸ ಸೀಟಿನ ಬದಲು ಹಳೇ ಬಿಸಿನೆಸ್ ಸೀಟ್ ಬಂದ್ರೆ ಇದು ಅನ್ವಯ ಆಗಲ್ಲ, ಸೀಟ್ ಆರಿಸೋಕೆ ಬೇರೆ ಕೊಟ್ಟ ದುಡ್ಡು ಮಾತ್ರ ವಾಪಸ್ ಕೇಳಬಹುದು.

ಈ ನಿಯಮ ಯೂರೋಪಿಂದ ಹೊರಡೋ ಎಲ್ಲಾ ಫ್ಲೈಟಿಗೂ ಇದೆ, ಆದ್ರೆ ನ್ಯೂಯಾರ್ಕಿಂದ ಯೂರೋಪಿಗೆ ಬರೋವಾಗ ವಿಮಾನ ಯೂರೋಪಿಯನ್ ಕಂಪನಿದೇ ಆಗಿದ್ರೆ ಮಾತ್ರ. ಕೆಎಲ್‌ಎಂ ನಂಬರಿನ ಟಿಕೆಟ್ಟಲ್ಲಿ ಡೆಲ್ಟಾ ವಿಮಾನ ಹತ್ತಿದ್ರೆ ಆ ರಕ್ಷಣೆ ಇಲ್ಲ. ನಿಮಗೆ ಬಿಸಿನೆಸ್ ಬೇಕಿರೋದು ಬರೋವಾಗಲೇ ಆದ್ದರಿಂದ ಆ ದಿಕ್ಕಲ್ಲಿ ಯೂರೋಪಿಯನ್ ವಿಮಾನವೇ ಆಗಿರಲಿ.

ಇಷ್ಟೆಲ್ಲಾ ಸೇರಿಸಿ ನಿಮಗೆ ನಾನು ಹೇಳೋದು: ಹೋಗೋದು ಪ್ರೀಮಿಯಂ ಎಕಾನಮಿ ಐಲ್ ಸೀಟ್, ಬರೋದು ಮ್ಯೂನಿಕ್‌ಗೆ ಎ350 ಅಲೆಗ್ರಿಸ್‌ನ ಉದ್ದ ಹಾಸಿಗೆ ಸೀಟ್ ಸಿಕ್ಕಿದ್ರೆ ಅದು ನಿಮಗೆ, ಹತ್ರದಲ್ಲೇ ಒಂದು ಮಾಮೂಲಿ ಸೀಟ್ ಮನೆಯೋರಿಗೆ. ಅದು ಸಿಗದಿದ್ರೆ ಏರ್ ಫ್ರಾನ್ಸ್‌ನ 777-300ಇಆರ್ ಹೊಸ ಕ್ಯಾಬಿನ್ನಲ್ಲಿ ಮಧ್ಯದ ಜೋಡಿ ಸೀಟು, ಮೊದಲನೇ ಸಾಲು. ಡೇಟ್, ಫ್ಲೈಟ್ ನಂಬರ್ ಗೊತ್ತಾದ ಮೇಲೆ ದುಡ್ಡು ಕಟ್ಟೋಕೆ ಮುಂಚೆ ಬರೀರಿ, ಯಾವ ಸಾಲು ತಗೋಬೇಕು ಅಂತ ಹೇಳ್ತೀನಿ.